ಮಧ್ಯದಲ್ಲೇ ಮಸುಕಾಗುವ ನೋಟ: ಮ್ಯಾಕ್ಯುಲಾ ಸವೆತ ಅಂದರೇನು, ಅದಕ್ಕೆ ಏನು ಮಾಡಬಹುದು

ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮನೆಯೊಳಗೆ ಆರಾಮಾಗಿ ಓಡಾಡುತ್ತಾರೆ. ಹೊಸಿಲು ಎಡವುವುದಿಲ್ಲ. ದಾರಿಯಲ್ಲಿಟ್ಟ ಬಕೆಟ್ಟನ್ನು ಸರಿಸಿ ಮುಂದೆ ಹೋಗುತ್ತಾರೆ. ಆದರೆ ಎದುರಿಗೆ ಬಂದು ನಿಂತ ಮೊಮ್ಮಗಳ ಮುಖ ಗೊತ್ತಾಗುವುದಿಲ್ಲ. ಮಾತು ಕೇಳಿದ ಮೇಲೆ "ಓ, ನೀನಾ" ಅನ್ನುತ್ತಾರೆ. ಪೇಪರ್ ಹಿಡಿದರೆ ಪದದ ನಡುವಿನ ಅಕ್ಷರವೇ ಇಲ್ಲ. "ನೆಲದ ಮೇಲಿನ ಪಿನ್ನು ಕಾಣುತ್ತೆ, ನಾವು ಕಾಣಲ್ವಾ?" ಅಂತ ಮನೆಯವರು ಕೇಳಿಬಿಡುತ್ತಾರೆ. ಕೇಳಿದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಅಜ್ಜಿ ಹೇಳುತ್ತಿರುವುದು ಪೂರ್ತಿ ನಿಜ. ಅಂಚಿನ ನೋಟ ಚೆನ್ನಾಗಿದ್ದು, ನಡುವಿನ ನೋಟ ಮಾತ್ರ ಹೋಗುವ ಕಾಯಿಲೆ ಒಂದಿದೆ. ವಯಸ್ಸಿನ ಜೊತೆ ಬರುವ ಮ್ಯಾಕ್ಯುಲಾ ಸವೆತ ಅದು. ಡಾಕ್ಟರ್‌ಗಳು ಚೀಟಿಯಲ್ಲಿ 'ಎಎಂಡಿ' ಅಥವಾ 'ಎಆರ್‌ಎಂಡಿ' ಅಂತ ಬರೆಯುತ್ತಾರೆ.

ಇದು ಅಪರೂಪದ ಕಾಯಿಲೆಯೇನಲ್ಲ. 2020ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 19.6 ಕೋಟಿ ಜನರಿಗೆ ಇದು ಯಾವುದೋ ಒಂದು ಹಂತದಲ್ಲಿರುತ್ತದೆ, 2040ಕ್ಕೆ 28.8 ಕೋಟಿ ಆಗುತ್ತದೆ ಎಂದು ಸಂಶೋಧಕರು 2014ರಲ್ಲೇ ಅಂದಾಜು ಮಾಡಿದ್ದರು. ಜನ ಹೆಚ್ಚು ವರ್ಷ ಬದುಕಿದಷ್ಟೂ ಈ ಲೆಕ್ಕ ಏರುತ್ತದೆ. ಆದರೂ ನಮ್ಮಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಅದಕ್ಕೊಂದು ಕಾರಣವೂ ಇದೆ.

ಇದು ಪೊರೆ ಅಲ್ಲ

ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ, ಕ್ಯಾಂಪ್ ಹಾಕಿ, ಸಾಲುಸಾಲಾಗಿ ಪೊರೆ ತೆಗೆದ ನಾಡು ನಮ್ಮದು. ವಯಸ್ಸಾದವರಿಗೆ ಕಣ್ಣು ಮಂಜಾದರೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿದರೆ ಸರಿ ಹೋಗುತ್ತೆ ಅನ್ನುವ ತಿಳಿವಳಿಕೆ ಹಳ್ಳಿಹಳ್ಳಿಯಲ್ಲೂ ಇದೆ. ಎಷ್ಟೋ ಜನರ ಕಣ್ಣು ಉಳಿದಿರುವುದು ಈ ತಿಳಿವಳಿಕೆಯಿಂದಲೇ. ತೊಂದರೆ ಏನೆಂದರೆ, ಕಣ್ಣಿನ ಎಲ್ಲ ಮಂಜನ್ನೂ ಪೊರೆ ಅಂತಲೇ ತಿಳಿದು ಸುಮ್ಮನಿರುವವರು ತುಂಬಾ ಇದ್ದಾರೆ. "ಪೊರೆ ಇನ್ನೂ ಬಲಿಯಲಿ, ಆಮೇಲೆ ನೋಡೋಣ" ಅಂತ ಕಾಯುತ್ತಾರೆ. ಪೊರೆಗೆ ಸಾಮಾನ್ಯವಾಗಿ ಕೆಲವು ತಿಂಗಳು ಕಾಯಬಹುದು. ಮ್ಯಾಕ್ಯುಲಾ ಸವೆತದ ಒಂದು ಬಗೆಯಲ್ಲಿ ಕೆಲವು ವಾರ ಕಾದರೂ ನಷ್ಟ.

ಪೊರೆ ಬರುವುದು ಕಣ್ಣಿನ ಮುಂಭಾಗದ ಲೆನ್ಸ್‌ಗೆ. ಅದು ಬಂದರೆ ಇಡೀ ನೋಟ ಮಂಜಾಗುತ್ತದೆ. ಲೆನ್ಸ್ ಬದಲಾಯಿಸಿದರೆ ಮಂಜು ಹೋಗುತ್ತದೆ. ಮ್ಯಾಕ್ಯುಲಾ ಇರುವುದು ಕಣ್ಣಿನ ಹಿಂಗೋಡೆಯಲ್ಲಿ. ಅಲ್ಲಿ ಒಳಗಿನಿಂದ ಅಂಟಿಕೊಂಡಿರುವ ತೆಳು ಪದರವೇ ರೆಟಿನಾ. ಶಾಲೆಯಲ್ಲಿ ಅಕ್ಷಿಪಟಲ ಅಂತ ಓದಿರುತ್ತೇವೆ. ಬೆಳಕನ್ನು ಹಿಡಿದು, ಮಿದುಳಿಗೆ ಅರ್ಥವಾಗುವ ಸಂಕೇತ ಮಾಡಿ ಕಳಿಸುವುದು ಅದರ ಕೆಲಸ. ಆ ರೆಟಿನಾದ ನಡುವೆ ಸುಮಾರು 5.5 ಮಿಲಿಮೀಟರ್ ಅಗಲದ ಜಾಗ ಮ್ಯಾಕ್ಯುಲಾ. ಅದರೊಳಗೆ ಸುಮಾರು 1.5 ಮಿಲಿಮೀಟರ್ ಅಗಲದ ಒಂದು ಚಿಕ್ಕ ಕುಳಿ ಇದೆ. ಅದು ಫೋವಿಯಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಬಸ್ಸಿನ ಬೋರ್ಡ್ ನೋಡುವುದು, ಎದುರಿನವರ ಮುಖದಲ್ಲಿ ನಗು ಇದೆಯೋ ಸಿಟ್ಟು ಇದೆಯೋ ತಿಳಿಯುವುದು, ಇವೆಲ್ಲ ಈ ಸಣ್ಣ ಜಾಗದಿಂದಲೇ. ಉಳಿದ ರೆಟಿನಾ ಅಕ್ಕಪಕ್ಕದ ನೋಟ ಕೊಡುತ್ತದೆ. ಅದರಿಂದ ನಡೆಯಬಹುದು, ಓದಲಾಗದು.

ಹಾಗಾಗಿ ಎಎಂಡಿ ಎಷ್ಟೇ ಮುಂದುವರಿದರೂ ಸಾಮಾನ್ಯವಾಗಿ ಪೂರ್ತಿ ಕತ್ತಲಾಗುವುದಿಲ್ಲ. ಇದನ್ನು ರೋಗಿಗೆ ಮೊದಲ ದಿನವೇ ಹೇಳಬೇಕು. "ನಾನು ಕುರುಡಾಗಿ ಮೂಲೆ ಸೇರುತ್ತೇನೆ" ಅನ್ನುವ ಭಯ ಕಾಯಿಲೆಗಿಂತ ಜಾಸ್ತಿ ಕಾಡುತ್ತದೆ.

ಒಳಗೆ ಏನಾಗುತ್ತದೆ

ರೆಟಿನಾದಲ್ಲಿ ಬೆಳಕು ಹಿಡಿಯುವ ಜೀವಕೋಶಗಳು ಹಗಲಿರುಳು ದುಡಿಯುತ್ತವೆ. ಅವುಗಳ ತುದಿ ದಿನಾ ಸ್ವಲ್ಪಸ್ವಲ್ಪ ಸವೆದು ಉದುರುತ್ತದೆ, ಹೊಸದು ಬೆಳೆಯುತ್ತದೆ. ಉದುರಿದ್ದನ್ನು ನುಂಗಿ ಅರಗಿಸುವುದು ಅವುಗಳ ಕೆಳಗಿರುವ ಪಿಗ್ಮೆಂಟ್ ಪದರದ ಕೆಲಸ. ಅದರ ಕೆಳಗೆ ಬ್ರೂಕ್ ಎಂಬ ತೆಳು ಹಾಳೆ, ಅದರ ಕೆಳಗೆ ರಕ್ತನಾಳಗಳು ತುಂಬಿದ ಕೋರಾಯ್ಡ್ ಪದರ. ಫೋವಿಯಾದ ಮಧ್ಯದಲ್ಲಿ ರೆಟಿನಾಕ್ಕೆ ತನ್ನದೇ ಆದ ರಕ್ತನಾಳ ಇಲ್ಲ. ನಾಳ ಇದ್ದರೆ ಬೆಳಕಿಗೆ ಅಡ್ಡ. ಆದ್ದರಿಂದ ಅಲ್ಲಿನ ಜೀವಕೋಶಗಳಿಗೆ ಆಮ್ಲಜನಕ, ಆಹಾರ ಎಲ್ಲವೂ ಕೆಳಗಿನಿಂದ ಈ ಪದರಗಳನ್ನು ದಾಟಿಯೇ ಬರಬೇಕು. ಕಸವೂ ಅದೇ ದಾರಿಯಲ್ಲಿ ಹೊರಗೆ ಹೋಗಬೇಕು.

ವಯಸ್ಸಾದಂತೆ ಬ್ರೂಕ್ ಹಾಳೆ ದಪ್ಪವಾಗುತ್ತದೆ. ಪಿಗ್ಮೆಂಟ್ ಪದರ ಸೋಲುತ್ತದೆ. ಅರಗದೆ ಉಳಿದ ಕೊಬ್ಬು, ಪ್ರೋಟೀನ್ ಎಲ್ಲಾ ಅಲ್ಲಲ್ಲಿ ಹಳದಿ ಚುಕ್ಕೆಗಳಾಗಿ ಕೂರುತ್ತವೆ. ಈ ಚುಕ್ಕೆಗಳಿಗೆ ಡ್ರೂಸನ್ ಅಂತ ಹೆಸರು. ಐವತ್ತು ದಾಟಿದ ಅನೇಕರಲ್ಲಿ ಒಂದೆರಡು ಚಿಕ್ಕ ಡ್ರೂಸನ್ ಇರುತ್ತವೆ, ಅದರಿಂದ ಹೆದರಬೇಕಾಗಿಲ್ಲ. 125 ಮೈಕ್ರಾನ್‌ಗಿಂತ ದೊಡ್ಡವು ಕಂಡರೆ ಡಾಕ್ಟರ್‌ಗಳು ಮಧ್ಯಮ ಹಂತ ಎನ್ನುತ್ತಾರೆ. ಆ ಹಂತದಲ್ಲೂ ರೋಗಿಗೆ ಏನೂ ಗೊತ್ತಾಗದೇ ಇರಬಹುದು. ಹೆಚ್ಚೆಂದರೆ ಓದಲು ಮೊದಲಿಗಿಂತ ಜಾಸ್ತಿ ಬೆಳಕು ಬೇಕು ಅನಿಸುತ್ತದೆ, ಬಿಸಿಲಿನಿಂದ ಮನೆಯೊಳಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ತಡವಾಗುತ್ತದೆ.

ಇಲ್ಲಿಂದ ಕಾಯಿಲೆ ಎರಡು ದಾರಿ ಹಿಡಿಯಬಹುದು. ಒಂದು ಒಣ ಬಗೆ, ಅಂದರೆ ಡ್ರೈ. ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಇರುವುದು ಇದೇ. ಪಿಗ್ಮೆಂಟ್ ಪದರ ಮತ್ತು ಅದನ್ನು ನಂಬಿದ ಬೆಳಕಿನ ಜೀವಕೋಶಗಳು ನಿಧಾನವಾಗಿ, ವರ್ಷಗಳ ಲೆಕ್ಕದಲ್ಲಿ ಸಾಯುತ್ತವೆ. ಕೊನೆಯ ಹಂತದಲ್ಲಿ ಮ್ಯಾಕ್ಯುಲಾದಲ್ಲಿ ಬೋಳು ತೇಪೆಗಳು ಬೀಳುತ್ತವೆ. ಇನ್ನೊಂದು ಒದ್ದೆ ಬಗೆ, ವೆಟ್. ಇಲ್ಲಿ ಕೋರಾಯ್ಡ್‌ನಿಂದ ಹೊಸ ರಕ್ತನಾಳಗಳು ಬ್ರೂಕ್ ಹಾಳೆಯನ್ನು ತೂರಿ ಮೇಲೆ ಬರುತ್ತವೆ. ಈ ನಾಳಗಳ ಗೋಡೆ ಗಟ್ಟಿ ಇರುವುದಿಲ್ಲ. ನೀರು ಸೋರುತ್ತದೆ, ರಕ್ತ ಒಸರುತ್ತದೆ. ಹಳೇ ಮನೆಯ ಗೋಡೆಯೊಳಗೆ ನೀರು ಜಿನುಗಿದರೆ ಗಾರೆ ಉಬ್ಬಿ ಏರುಪೇರಾಗುತ್ತದಲ್ವಾ, ಹಾಗೆ ರೆಟಿನಾ ಉಬ್ಬುತ್ತದೆ. ಅದರ ಮೇಲೆ ಕೂತ ಜೀವಕೋಶಗಳು ತಮ್ಮ ಜಾಗದಿಂದ ಸರಿಯುತ್ತವೆ. ಅದಕ್ಕೇ ನೆಟ್ಟಗಿರುವ ಗೆರೆ ಡೊಂಕಾಗಿ ಕಾಣುತ್ತದೆ. ಬಾಗಿಲ ಚೌಕಟ್ಟು, ಕಿಟಕಿಯ ಸರಳು, ಕರೆಂಟ್ ಕಂಬ ನಡುವೆ ಬಳುಕಿದ ಹಾಗೆ ಕಂಡರೆ ಅದು ದೊಡ್ಡ ಎಚ್ಚರಿಕೆ.

ವೆಟ್ ಬರುವುದು ಹತ್ತರಲ್ಲಿ ಒಬ್ಬಿಬ್ಬರಿಗೆ. ಆದರೆ ಸರಿಯಾದ ಚಿಕಿತ್ಸೆ ಇಲ್ಲದ ಕಾಲದಲ್ಲಿ, ಈ ಕಾಯಿಲೆಯಿಂದ ನೋಟ ತೀರಾ ಕಳೆದುಕೊಂಡವರಲ್ಲಿ ಬಹುಪಾಲು ಜನ ಈ ಬಗೆಯವರೇ ಆಗಿದ್ದರು. ಸೋರಿಕೆ ನಿಲ್ಲದಿದ್ದರೆ ಅಲ್ಲಿ ಗಾಯ ಒಣಗಿ ಕಲೆಯಾಗುತ್ತದೆ. ಕಲೆಯಾದ ಜಾಗದ ನೋಟವನ್ನು ಯಾವ ಔಷಧವೂ ವಾಪಸ್ ತರುವುದಿಲ್ಲ. ಡ್ರೈ ಇದ್ದವರಿಗೆ ಯಾವಾಗ ಬೇಕಾದರೂ ವೆಟ್ ಶುರುವಾಗಬಹುದು ಅನ್ನುವುದನ್ನೂ ಮರೆಯಬಾರದು.

ನಮ್ಮ ಏಷ್ಯಾದ ಜನರಲ್ಲಿ ವೆಟ್‌ನದೇ ಇನ್ನೊಂದು ರೂಪ ಹೆಚ್ಚು ಕಾಣುತ್ತದೆ. ಹೊಸ ನಾಳಗಳ ತುದಿಯಲ್ಲಿ ಬಲೂನಿನಂಥ ಉಬ್ಬುಗಳು ಬೆಳೆಯುತ್ತವೆ. ಇದನ್ನು ಪಿಸಿವಿ ಎನ್ನುತ್ತಾರೆ. ಒಮ್ಮೆಲೇ ದೊಡ್ಡ ರಕ್ತಸ್ರಾವ ಮಾಡುವ ಗುಣ ಇದಕ್ಕಿದೆ. ಇದನ್ನು ಸರಿಯಾಗಿ ಗುರುತಿಸಲು ಬೇರೆ ಡೈ ಹಾಕಿ ಫೋಟೊ ತೆಗೆಯಬೇಕಾಗುತ್ತದೆ, ಕೆಲವರಿಗೆ ಇಂಜೆಕ್ಷನ್ ಜೊತೆ ವಿಶೇಷ ಲೇಸರ್ ಕೂಡ ಬೇಕಾಗುತ್ತದೆ.

ಒಂದು ಕಣ್ಣು ಮುಚ್ಚಿ ನೋಡಿ

ಈ ಲೇಖನದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ. ಮಿದುಳು ಕೂಡ ಖಾಲಿ ಜಾಗವನ್ನು ತನಗೆ ತೋಚಿದ ಹಾಗೆ ಭರ್ತಿ ಮಾಡುತ್ತದೆ. ಹಾಗಾಗಿ ಒಂದು ಕಣ್ಣಿನ ನಡುವಿನ ನೋಟ ಹೋಗಿ ತಿಂಗಳುಗಳಾದರೂ ಗೊತ್ತೇ ಆಗದಿರಬಹುದು. ಎಷ್ಟೋ ಜನಕ್ಕೆ ತಿಳಿಯುವುದು ಅಕಸ್ಮಾತ್ತಾಗಿ. ಒಳ್ಳೆಯ ಕಣ್ಣಿಗೆ ಧೂಳು ಬಿದ್ದು ಉಜ್ಜಿಕೊಳ್ಳುವಾಗ, ಎದುರಿಗಿನ ಕ್ಯಾಲೆಂಡರ್‌ನ ನಡುವೆ ಕಪ್ಪು ಮಚ್ಚೆ ಕಾಣುತ್ತದೆ.

ಸ್ವಿಟ್ಜರ್ಲೆಂಡಿನ ಕಣ್ಣಿನ ಡಾಕ್ಟರ್ ಮಾರ್ಕ್ ಆಮ್ಸ್ಲರ್ ಇದಕ್ಕಾಗಿ ಒಂದು ಸರಳ ಚಾರ್ಟ್ ಬಳಕೆಗೆ ತಂದರು. 10 ಸೆಂಟಿಮೀಟರ್ ಚೌಕ, ಅದರೊಳಗೆ ಅರ್ಧ ಸೆಂಟಿಮೀಟರ್‌ನ ಚಿಕ್ಕ ಚೌಕಗಳು, ನಡುವೆ ಒಂದು ಚುಕ್ಕೆ. ಅಷ್ಟೇ. ಮಕ್ಕಳ ಗಣಿತದ ಚೌಕುಳಿ ಪುಸ್ತಕದ ಹಾಳೆಯ ಮೇಲೂ ಮಾಡಿಕೊಳ್ಳಬಹುದು. ಓದುವ ಕನ್ನಡಕ ಹಾಕಿಕೊಳ್ಳಿ. ಹಾಳೆಯನ್ನು ಮಾಮೂಲಿ ಓದುವ ದೂರದಲ್ಲಿ, ಸುಮಾರು ಒಂದು ಅಡಿ ದೂರದಲ್ಲಿ, ಒಳ್ಳೆಯ ಬೆಳಕಿನಲ್ಲಿ ಹಿಡಿಯಿರಿ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡಿ. ಗೆರೆಗಳು ಎಲ್ಲಾದರೂ ಬಾಗಿವೆಯಾ? ಯಾವುದಾದರೂ ಚೌಕ ಕಾಣೆಯಾಗಿದೆಯಾ, ಮಸುಕಾಗಿದೆಯಾ? ಆಮೇಲೆ ಇನ್ನೊಂದು ಕಣ್ಣು. ಚಾರ್ಟ್ ಇಲ್ಲದಿದ್ದರೆ ಬಾತ್‌ರೂಮಿನ ಟೈಲ್ಸ್ ಗೆರೆ, ಕಿಟಕಿಯ ಗ್ರಿಲ್ಲು ನೋಡಿದರೂ ಆಯಿತು. ಡ್ರೈ ಇದೆ ಅಂತ ಗೊತ್ತಾದವರು ಇದನ್ನು ದಿನಾ, ಹಲ್ಲುಜ್ಜುವಷ್ಟೇ ಖಾಯಂ ಆಗಿ ಮಾಡಬೇಕು. ಹೊಸದಾಗಿ ಏನೇ ಬದಲಾವಣೆ ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು. ಅದೇ ವಾರ ರೆಟಿನಾ ಡಾಕ್ಟರ್ ಹತ್ತಿರ ಹೋಗಬೇಕು. ಈ ಚಾರ್ಟ್‌ಗೂ ಮಿತಿ ಇದೆ. ಗೆರೆ ನೆಟ್ಟಗೆ ಕಂಡಿತು ಅಂದ ಮಾತ್ರಕ್ಕೆ ಎಲ್ಲಾ ಸರಿ ಇದೆ ಎಂದಲ್ಲ. ಡಾಕ್ಟರ್ ಹೇಳಿದ ತಪಾಸಣೆ ತಪ್ಪಿಸಬಾರದು.

ಗೆರೆ ಡೊಂಕಾಗುವುದಕ್ಕೆ ಎಎಂಡಿ ಒಂದೇ ಕಾರಣ ಅಲ್ಲ. ಶುಗರ್ ಇರುವವರಿಗೆ ಮ್ಯಾಕ್ಯುಲಾದಲ್ಲಿ ನೀರು ತುಂಬಬಹುದು. ಮಧ್ಯವಯಸ್ಸಿನವರಿಗೆ, ಅದರಲ್ಲೂ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ, ಬೇರೆ ಬಗೆಯ ನೀರಿನ ಗುಳ್ಳೆ ಬರಬಹುದು. ಮ್ಯಾಕ್ಯುಲಾದಲ್ಲಿ ತೂತು ಬೀಳುವುದೂ ಉಂಟು, ಅದಕ್ಕೆ ಆಪರೇಷನ್ ಬೇಕು. ಇವೆಲ್ಲದರ ಚಿಕಿತ್ಸೆ ಬೇರೆಬೇರೆ. ಪಕ್ಕದ ಮನೆಯವರಿಗೆ ಕೊಟ್ಟ ಇಂಜೆಕ್ಷನ್ನೇ ನಮಗೂ ಬೇಕು ಅನ್ನುವಂತಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಡ್ರಾಪ್ಸ್ ಹಾಕಿ ಕಣ್ಣಿನ ಪಾಪೆ ಹಿಗ್ಗಿಸುತ್ತಾರೆ. ಆಮೇಲೆ ಒಸಿಟಿ ಸ್ಕ್ಯಾನ್. ಗಲ್ಲ ಇಟ್ಟು ಕೂತರೆ ಸಾಕು, ಮುಟ್ಟುವುದಿಲ್ಲ, ಚುಚ್ಚುವುದಿಲ್ಲ. ಬೆಳಕಿನಿಂದಲೇ ರೆಟಿನಾದ ಪದರ ಪದರ ಕೊಯ್ದು ತೋರಿಸಿದಂಥ ಚಿತ್ರ ಬರುತ್ತದೆ. ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ಫುಜಿಮೋಟೊ ಮತ್ತು ಡೇವಿಡ್ ಹುವಾಂಗ್ ಇದ್ದ ತಂಡ 1991ರಲ್ಲಿ ಇದನ್ನು ಪ್ರಕಟಿಸಿತು. ಮ್ಯಾಕ್ಯುಲಾ ಚಿಕಿತ್ಸೆ ಇವತ್ತು ನಿಂತಿರುವುದೇ ಈ ಸ್ಕ್ಯಾನ್ ಮೇಲೆ. ಎಲ್ಲಿ ಎಷ್ಟು ನೀರಿದೆ, ಹೋದ ಸಲಕ್ಕಿಂತ ಕಡಿಮೆಯಾಗಿದೆಯಾ ಅನ್ನುವುದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ತೋರಿಸಿ ಅಂತ ಕೇಳಿ. ಕೇಳಿದರೆ ತಪ್ಪಿಲ್ಲ. ಕೆಲವರಿಗೆ ಕೈ ನರಕ್ಕೆ ಡೈ ಕೊಟ್ಟು ಕಣ್ಣಿನ ಫೋಟೊ ತೆಗೆಯುತ್ತಾರೆ. ಆ ಹಳದಿ ಡೈ ಕೊಟ್ಟ ದಿನ ಮೂತ್ರ ಗಾಢ ಹಳದಿಯಾಗುತ್ತದೆ, ಗಾಬರಿ ಬೇಡ.

ಕ್ಯಾನ್ಸರ್ ಔಷಧಿಯಿಂದ ಬಂದ ತಿರುವು

ಒಂದು ತಲೆಮಾರಿನ ಹಿಂದೆ ವೆಟ್ ಎಎಂಡಿಗೆ ಇದ್ದ ಚಿಕಿತ್ಸೆ ಬಿಸಿ ಲೇಸರ್. ಸೋರುವ ನಾಳವನ್ನು ಸುಡುತ್ತಿದ್ದರು, ಜೊತೆಗೆ ಅದರ ಮೇಲಿನ ರೆಟಿನಾವೂ ಸುಡುತ್ತಿತ್ತು. 2000ದಲ್ಲಿ ವರ್ಟೆಪೋರ್ಫಿನ್ ಎಂಬ ಔಷಧವನ್ನು ನರಕ್ಕೆ ಕೊಟ್ಟು ತಣ್ಣನೆಯ ಲೇಸರ್ ಹಾಯಿಸುವ ವಿಧಾನ ಬಂತು. ಅದರಿಂದ ನೋಟ ಹೋಗುವ ವೇಗ ತಗ್ಗುತ್ತಿತ್ತು. ಹೋದದ್ದು ಬರುವುದು ಅಪರೂಪ.

ಬದಲಾವಣೆ ಬಂದದ್ದು ಬೇರೆ ಕಡೆಯಿಂದ. ಗಡ್ಡೆಗಳು ಬೆಳೆಯಲು ಹೊಸ ರಕ್ತನಾಳಗಳು ಬೇಕು, ಆ ನಾಳಗಳನ್ನು ತಡೆದರೆ ಗಡ್ಡೆಯನ್ನು ತಡೆಯಬಹುದು ಅಂತ ಜೂಡಾ ಫೋಕ್‌ಮನ್ ಎಂಬ ಸರ್ಜನ್ 1971ರಲ್ಲಿ ವಾದಿಸಿದರು. ನಾಳ ಬೆಳೆಸುವ ಸಂದೇಶ ಹೊತ್ತ ಪ್ರೋಟೀನ್ ವಿಇಜಿಎಫ್. ಜೆನೆನ್‌ಟೆಕ್ ಕಂಪನಿಯಲ್ಲಿ ನೆಪೋಲಿಯೋನ್ ಫೆರಾರ ಮತ್ತು ಸಂಗಡಿಗರು 1989ರಲ್ಲಿ ಅದನ್ನು ಬೇರ್ಪಡಿಸಿದರು. ಅದಕ್ಕೆ ಅಂಟಿಕೊಂಡು ಬಾಯಿ ಕಟ್ಟುವ ಬೆವಾಸಿಜುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ. ಮ್ಯಾಕ್ಯುಲಾದಲ್ಲಿ ಬೇಡದ ನಾಳ ಬೆಳೆಸುವುದೂ ಇದೇ ವಿಇಜಿಎಫ್. 2005ರಲ್ಲಿ ಮಯಾಮಿಯ ಡಾಕ್ಟರ್ ಫಿಲಿಪ್ ರೋಸನ್‌ಫೆಲ್ಡ್ ಆ ಕ್ಯಾನ್ಸರ್ ಔಷಧಿಯ ಸಣ್ಣ ಹನಿಯನ್ನು ಕಣ್ಣಿನೊಳಗೇ ಚುಚ್ಚಿ ನೋಡಿದರು. ರೆಟಿನಾದ ಊತ ಇಳಿಯಿತು. ಸುದ್ದಿ ಕೆಲವೇ ತಿಂಗಳಲ್ಲಿ ಲೋಕವೆಲ್ಲ ಹರಡಿತು.

ಕಣ್ಣಿಗೆಂದೇ ಮಾಡಿದ ರಾನಿಬಿಜುಮ್ಯಾಬ್‌ಗೆ 2006ರಲ್ಲಿ ಒಪ್ಪಿಗೆ ಬಂತು. ಮರೀನಾ ಎಂಬ ಅಧ್ಯಯನದಲ್ಲಿ ಒಂದು ವರ್ಷದ ನಂತರ ನೋಡಿದಾಗ, ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 95 ಜನರ ನೋಟ ಹೆಚ್ಚೇನೂ ಇಳಿದಿರಲಿಲ್ಲ. ಔಷಧಿ ಇಲ್ಲದವರಲ್ಲಿ ಹಾಗೆ ಉಳಿದದ್ದು 62 ಜನರಿಗೆ ಮಾತ್ರ. ಪೂರ್ತಿ ಡೋಸ್ ಪಡೆದವರಲ್ಲಿ ಮೂರರಲ್ಲಿ ಒಬ್ಬರಿಗೆ ಚಾರ್ಟ್‌ನಲ್ಲಿ ಮೂರು ಸಾಲು, ಅಂದರೆ 15 ಅಕ್ಷರ, ಜಾಸ್ತಿ ಕಂಡಿತು. ಕಣ್ಣಿನ ವೈದ್ಯಕೀಯದಲ್ಲಿ ಇಂಥ ದಿನ ಬರುವುದು ತೀರಾ ಕಡಿಮೆ.

ಇಲ್ಲಿ ದುಡ್ಡಿನ ಮಾತು ಬರುತ್ತದೆ. ಕಣ್ಣಿಗೆಂದೇ ಬಂದ ಬ್ರ್ಯಾಂಡ್ ಔಷಧಿಗಳು ದುಬಾರಿ. ಬೆವಾಸಿಜುಮ್ಯಾಬ್‌ನ ದೊಡ್ಡ ಬಾಟಲಿಯಿಂದ ಚಿಕ್ಕ ಚಿಕ್ಕ ಸಿರಿಂಜ್‌ಗೆ ಹಂಚಿಕೊಂಡರೆ ಅದರ ಸಣ್ಣ ಪಾಲಿನ ಖರ್ಚಿನಲ್ಲಿ ಮುಗಿಯುತ್ತದೆ. ಕಡಿಮೆ ಬೆಲೆಯದು ಕೆಲಸವೂ ಕಡಿಮೆ ಮಾಡುತ್ತದಾ? ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ಸಿಎಟಿಟಿ ಅಧ್ಯಯನ 2011ರಲ್ಲಿ ಉತ್ತರ ಕೊಟ್ಟಿತು. ನೋಟದ ಲೆಕ್ಕದಲ್ಲಿ ಎರಡೂ ಸಮ. ಬಾಟಲಿಯಿಂದ ಸಿರಿಂಜ್‌ಗೆ ತುಂಬುವಾಗ ಕಟ್ಟುನಿಟ್ಟಾದ ಶುಚಿತ್ವ ಬೇಕು, ಅದು ಕೈಕೊಟ್ಟರೆ ಸೋಂಕಿನ ಅಪಾಯ ಇದೆ. ಅದಕ್ಕೇ ಔಷಧಿ ಯಾವುದು, ಎಲ್ಲಿ ತುಂಬಿಸುತ್ತಾರೆ ಅಂತ ಕೇಳುವ ಹಕ್ಕು ನಿಮಗಿದೆ. 2015ರಲ್ಲಿ ಅಹಮದಾಬಾದಿನ ಇಂಟಾಸ್ ಕಂಪನಿಯ ರಾಜುಮ್ಯಾಬ್ ಭಾರತದಲ್ಲಿ ಬಂತು. ರಾನಿಬಿಜುಮ್ಯಾಬ್‌ಗೆ ಸಮನಾದ ಜಗತ್ತಿನ ಮೊದಲ ಬಯೋಸಿಮಿಲರ್ ಅದು. ಇದರಿಂದ ನಮ್ಮ ಜನಕ್ಕೆ ನಡುವಿನ ದಾರಿಯೊಂದು ಸಿಕ್ಕಿತು. ಅಫ್ಲಿಬರ್ಸೆಪ್ಟ್, ಫಾರಿಸಿಮ್ಯಾಬ್‌ನಂಥ ಹೊಸ ಔಷಧಿಗಳೂ ಇವೆ. ಅನೇಕರಲ್ಲಿ ಎರಡು ಇಂಜೆಕ್ಷನ್‌ಗಳ ನಡುವಿನ ಅಂತರವನ್ನು ಹೆಚ್ಚಿಸುವುದು ಅವುಗಳ ಲಾಭ. ನನ್ನ ಅಭಿಪ್ರಾಯ ಹೇಳುವುದಾದರೆ, ದುಬಾರಿ ಔಷಧಿಯನ್ನು ಎರಡು ಸಲ ಕೊಡಿಸಿ ನಿಲ್ಲಿಸುವುದಕ್ಕಿಂತ, ಕೈಗೆಟುಕುವ ಔಷಧಿಯನ್ನು ಬಿಡದೆ ಮುಂದುವರಿಸುವುದು ಮೇಲು. ಈ ಮಾತನ್ನು ಡಾಕ್ಟರ್ ಹತ್ತಿರ ಮೊದಲ ದಿನವೇ ಬಿಚ್ಚಿ ಮಾತಾಡಿ. "ತಿಂಗಳಿಗೆ ಇಷ್ಟು ನಮ್ಮ ಕೈಲಿ ಆಗುತ್ತೆ" ಅನ್ನಲು ಸಂಕೋಚ ಬೇಡ.

ಕಣ್ಣಿಗೆ ಸೂಜಿ

"ಕಣ್ಣಿಗೇ ಚುಚ್ಚುತ್ತಾರಾ?" ಅಂತ ಕೇಳಿದ ಕೂಡಲೇ ಮೈ ಜುಮ್ಮೆನ್ನುತ್ತದೆ. ಆದರೆ ಹೆದರಿದಷ್ಟು ಇಲ್ಲ ಅನ್ನುವುದು ಮಾಡಿಸಿಕೊಂಡ ಹೆಚ್ಚಿನವರ ಮಾತು. ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ. ರೆಪ್ಪೆ ಮತ್ತು ಕಣ್ಣನ್ನು ಪೊವಿಡೋನ್ ಅಯೋಡಿನ್‌ನಿಂದ ತೊಳೆಯುತ್ತಾರೆ. ರೆಪ್ಪೆ ಮುಚ್ಚದಂತೆ ಚಿಕ್ಕ ಕ್ಲಿಪ್ ಇಡುತ್ತಾರೆ. ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ದೂರದಲ್ಲಿ, ಬಿಳಿ ಭಾಗದ ಮೂಲಕ, ಕೂದಲಿನಷ್ಟು ಸಣ್ಣ ಸೂಜಿಯಿಂದ 0.05 ಮಿಲಿಲೀಟರ್ ಔಷಧಿ ಹೋಗುತ್ತದೆ. ಒಂದು ಹನಿಯಷ್ಟು. ಚುಚ್ಚುವುದು ಕೆಲವೇ ಸೆಕೆಂಡು. ಸೂಜಿ ಎದುರಿನಿಂದ ಬರುವುದು ಕಾಣುವುದಿಲ್ಲ, ಬೇರೆ ಕಡೆ ನೋಡಲು ಹೇಳಿರುತ್ತಾರೆ. ಒತ್ತಿದ ಹಾಗೆ ಅನಿಸುತ್ತದೆ, ಅಷ್ಟೇ.

ಮನೆಗೆ ಬಂದ ಮೇಲೆ ಕಣ್ಣು ಉರಿಯಬಹುದು, ಅದು ಅಯೋಡಿನ್‌ನಿಂದ. ಬಿಳಿ ಗುಡ್ಡೆಯ ಮೇಲೆ ಕೆಂಪು ಮಚ್ಚೆ ಕಾಣಬಹುದು, ವಾರದಲ್ಲಿ ಮಾಸುತ್ತದೆ. ಕಪ್ಪು ಗುಳ್ಳೆಗಳು ಓಡಾಡಿದ ಹಾಗೆ ಕಂಡರೆ ಅವು ಗಾಳಿಯ ಗುಳ್ಳೆಗಳು, ಒಂದೆರಡು ದಿನದಲ್ಲಿ ಹೋಗುತ್ತವೆ. ಹೆದರಬೇಕಾದ್ದು ಒಂದಕ್ಕೆ. ಇಂಜೆಕ್ಷನ್ ಆಗಿ ಕೆಲವು ದಿನಗಳೊಳಗೆ ನೋವು ಏರುತ್ತಾ ಹೋಗಿ, ಕಣ್ಣು ಕೆಂಪಾಗಿ, ನೋಟ ಇಳಿದರೆ ಒಳಗೆ ಸೋಂಕು ಆಗಿರಬಹುದು. ಸಾವಿರಾರು ಇಂಜೆಕ್ಷನ್‌ಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಆಗ ರಾತ್ರಿಯಾದರೂ ಸರಿ, ಭಾನುವಾರವಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿದ್ದರೆ ಇಂಜೆಕ್ಷನ್‌ಗೆ ಮೊದಲೇ ಡಾಕ್ಟರ್‌ಗೆ ತಿಳಿಸಿ.

ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್‌ಗಳಿಂದ ಶುರು. ಆಮೇಲೆ ಸ್ಕ್ಯಾನ್ ನೋಡಿ, ನೀರು ಒಣಗಿದ್ದರೆ ಅಂತರವನ್ನು ಆರು ವಾರ, ಎಂಟು ವಾರ, ಹತ್ತು ವಾರ ಅಂತ ನಿಧಾನವಾಗಿ ಬೆಳೆಸುತ್ತಾರೆ. ಮತ್ತೆ ಸೋರಿದರೆ ಅಂತರ ಕಮ್ಮಿ ಮಾಡುತ್ತಾರೆ. ಇಲ್ಲಿಯೇ ಹೆಚ್ಚಿನವರು ಸೋಲುವುದು. ಮೂರು ಇಂಜೆಕ್ಷನ್ ಆಯಿತು, ಚೆನ್ನಾಗಿ ಕಾಣುತ್ತಿದೆ, ಇನ್ನು ಯಾಕೆ ಅಂತ ಬಿಟ್ಟುಬಿಡುತ್ತಾರೆ. ಈ ಔಷಧಿ ವಿಇಜಿಎಫ್‌ನ ಬಾಯಿ ಕಟ್ಟುತ್ತದೆಯೇ ಹೊರತು, ಅದು ಹುಟ್ಟುವುದನ್ನು ನಿಲ್ಲಿಸುವುದಿಲ್ಲ. ಕೆಲವು ವಾರಗಳಲ್ಲಿ ಔಷಧಿ ಕರಗಿ ಹೋಗುತ್ತದೆ. ಬಿಪಿ ಮಾತ್ರೆಯ ಬಗ್ಗೆ ಹೇಗೆ ಯೋಚಿಸುತ್ತೇವೋ ಇದನ್ನೂ ಹಾಗೆಯೇ ಯೋಚಿಸಬೇಕು. ತಾಲ್ಲೂಕಿನಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಮಂಗಳೂರಿಗೋ ವಯಸ್ಸಾದವರನ್ನು ಪದೇಪದೇ ಕರೆದುಕೊಂಡು ಬರುವುದು ಸುಲಭದ ಕೆಲಸ ಅಲ್ಲ. ಮಗನೋ ಮಗಳೋ ಒಬ್ಬರೇ ಹೊತ್ತರೆ ಕೆಲವೇ ತಿಂಗಳಲ್ಲಿ ಸುಸ್ತಾಗುತ್ತಾರೆ. ಮನೆಯವರು ಸರದಿ ಮೇಲೆ ಬರುವ ಏರ್ಪಾಡು ಮಾಡಿಕೊಂಡರೆ ಚಿಕಿತ್ಸೆ ಉಳಿಯುತ್ತದೆ.

ಡ್ರೈ ಇದ್ದವರಿಗೆ

ಡ್ರೈ ಬಗೆಗೆ ಈ ಇಂಜೆಕ್ಷನ್ ಉಪಯೋಗವಿಲ್ಲ, ಅಲ್ಲಿ ಸೋರಿಕೆಯೇ ಇಲ್ಲ. "ಏನೂ ಮಾಡೋಕಾಗಲ್ಲ" ಅಂತ ಕೇಳಿ ಬಂದವರು ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಆ ಮಾತು ನನಗೆ ತುಂಬಾ ಬೇಸರ ತರಿಸುತ್ತದೆ, ಯಾಕೆಂದರೆ ಅದು ನಿಜವಲ್ಲ.

ಮೊದಲನೆಯದು, ಬೀಡಿ ಸಿಗರೇಟು ಬಿಡುವುದು. ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಹೊಗೆಯೇ ದೊಡ್ಡದು. ಸೇದುವವರಿಗೆ ಈ ಕಾಯಿಲೆಯ ಸಂಭವ ಎರಡು ಪಟ್ಟಿಗೂ ಮೇಲೆ. ಎರಡನೆಯದು ಮಾತ್ರೆ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ನಡೆಸಿದ ಎಆರ್‌ಇಡಿಎಸ್ ಅಧ್ಯಯನ 2001ರಲ್ಲಿ ಹೇಳಿದ್ದು ಇಷ್ಟು. ಮಧ್ಯಮ ಹಂತದಲ್ಲಿರುವವರು, ಅಥವಾ ಒಂದು ಕಣ್ಣು ಆಗಲೇ ಕೊನೆಯ ಹಂತ ತಲುಪಿದವರು, ನಿರ್ದಿಷ್ಟ ಪ್ರಮಾಣದ ವಿಟಮಿನ್ ಮತ್ತು ಜಿಂಕ್ ತೆಗೆದುಕೊಂಡರೆ, ಐದು ವರ್ಷದಲ್ಲಿ ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಅಪಾಯ ಸುಮಾರು ಶೇ. 25ರಷ್ಟು ತಗ್ಗುತ್ತದೆ. ಅದರಲ್ಲಿದ್ದ ಬೀಟಾ ಕ್ಯಾರೊಟಿನ್ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸುತ್ತದೆ ಎಂದು ಗೊತ್ತಿದ್ದರಿಂದ, 2013ರ ಎರಡನೇ ಅಧ್ಯಯನದಲ್ಲಿ ಅದರ ಜಾಗಕ್ಕೆ ಲ್ಯೂಟೀನ್ 10 ಮಿಲಿಗ್ರಾಂ, ಜಿಯಾಜಾಂಥಿನ್ 2 ಮಿಲಿಗ್ರಾಂ ಬಂದವು. ಅಂಗಡಿಯಲ್ಲಿ "ಕಣ್ಣಿನ ವಿಟಮಿನ್" ಅಂತ ಸಿಗುವ ಎಲ್ಲದರಲ್ಲೂ ಈ ಪ್ರಮಾಣ ಇರುವುದಿಲ್ಲ. ಡಬ್ಬಿ ತಿರುಗಿಸಿ ಓದಿ. ಕಾಯಿಲೆ ಇಲ್ಲದವರು, ತೀರಾ ಆರಂಭದಲ್ಲಿರುವವರು ಇದನ್ನು ನುಂಗಿದರೆ ಲಾಭ ಕಂಡಿಲ್ಲ. ಅಪ್ಪನಿಗೆ ಬರೆದ ಮಾತ್ರೆಯನ್ನು ಮಕ್ಕಳೂ ಸುಮ್ನೆ ತಿನ್ನುವುದು ಬೇಡ.

ತಿನ್ನುವುದಾದರೆ ಸೊಪ್ಪು ತಿನ್ನಿ. ಲ್ಯೂಟೀನ್ ಹಸಿರು ಸೊಪ್ಪಿನಲ್ಲಿ, ಮೊಟ್ಟೆಯ ಹಳದಿಯಲ್ಲಿ, ಮೆಕ್ಕೆಜೋಳದಲ್ಲಿ ಧಾರಾಳವಾಗಿದೆ. ಹೊನಗೊನ್ನೆ ಸೊಪ್ಪು ಕಣ್ಣಿಗೆ ಒಳ್ಳೆಯದು ಅಂತ ಹಿರಿಯರು ಹೇಳುತ್ತಾ ಬಂದಿದ್ದಾರೆ. ದಂಟು, ಪಾಲಕ್, ನುಗ್ಗೆ ಸೊಪ್ಪಿನ ಜೊತೆ ಅದೂ ವಾರದಲ್ಲಿ ಬಂದು ಹೋಗಲಿ. ಆದರೆ ಚಿಕಿತ್ಸೆಯ ಬದಲಿಗೆ ಸೊಪ್ಪು ಅಂತ ಆಗಬಾರದು. ಕಣ್ಣಿಗೆ ಜೇನುತುಪ್ಪ, ಎಲೆಯ ರಸ ಬಿಡುವುದಂತೂ ಬೇಡವೇ ಬೇಡ. ಹೊರಗಿನಿಂದ ಹಾಕುವ ಯಾವ ಹನಿಯೂ ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ.

2023ರಲ್ಲಿ ಅಮೆರಿಕದಲ್ಲಿ ಡ್ರೈನ ಕೊನೆಯ ಹಂತಕ್ಕೆ ಎರಡು ಇಂಜೆಕ್ಷನ್‌ಗಳಿಗೆ ಒಪ್ಪಿಗೆ ಸಿಕ್ಕಿತು, ಪೆಗ್‌ಸೆಟಾಕೋಪ್ಲಾನ್ ಮತ್ತು ಅವಸಿನ್‌ಕ್ಯಾಪ್ಟಾಡ್. ದೇಹದ ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಎಂಬ ಭಾಗಕ್ಕೂ ಈ ಕಾಯಿಲೆಗೂ ನಂಟಿದೆ ಅಂತ 2005ರಲ್ಲಿ ವಂಶವಾಹಿಗಳ ಅಧ್ಯಯನದಿಂದ ಗೊತ್ತಾಗಿತ್ತು. ಈ ಔಷಧಿಗಳು ಅದನ್ನು ತಡೆಯುತ್ತವೆ. ಬೋಳು ತೇಪೆ ಹರಡುವ ವೇಗ ತಗ್ಗುತ್ತದೆ, ಆದರೆ ರೋಗಿಗೆ ನೋಟ ಉತ್ತಮವಾದ ಅನುಭವ ಆಗುವುದಿಲ್ಲ. ಇದೇ ಕಾರಣಕ್ಕೆ ಯುರೋಪಿನ ಔಷಧ ನಿಯಂತ್ರಕರು ಪೆಗ್‌ಸೆಟಾಕೋಪ್ಲಾನ್‌ಗೆ ಒಪ್ಪಿಗೆ ಕೊಡಲಿಲ್ಲ. ಅವರ ನಿರ್ಧಾರ ನನಗೆ ಅರ್ಥವಾಗುತ್ತದೆ. 2025ರಲ್ಲಿ ಇನ್ನೊಂದು ಸುದ್ದಿ ಬಂತು. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಪಲಾಂಕರ್ ರೂಪಿಸಿದ 2 ಮಿಲಿಮೀಟರ್‌ನ ಚಿಪ್ಪನ್ನು ರೆಟಿನಾದ ಅಡಿ ಇಟ್ಟು, ಕ್ಯಾಮೆರಾ ಇರುವ ಕನ್ನಡಕ ಕೊಟ್ಟಾಗ, ನಡುವಿನ ನೋಟ ಕಳೆದುಕೊಂಡಿದ್ದ ಹಲವರು ಮತ್ತೆ ಅಕ್ಷರ ಓದಿದರು. ಅಧ್ಯಯನದಲ್ಲಿದ್ದವರು 38 ಜನ. ನಮ್ಮ ಊರಿನ ಆಸ್ಪತ್ರೆಗೆ ಬರಲು ಕಾಲ ಬೇಕು, ಆದರೂ ಸತ್ತ ಜೀವಕೋಶದ ಜಾಗದಲ್ಲಿ ನೋಟ ಹುಟ್ಟಿಸಬಹುದು ಅನ್ನುವುದು ಈಗ ಬರೀ ಆಸೆಯಾಗಿ ಉಳಿದಿಲ್ಲ.

"ಕಣ್ಣು ದಾನ ಪಡೆದು ಹಾಕಿಸಬಹುದಾ?" ಅಂತ ಅನೇಕರು ಕೇಳುತ್ತಾರೆ. ಡಾ. ರಾಜ್‌ಕುಮಾರ್, ಆಮೇಲೆ ಪುನೀತ್ ಕಣ್ಣು ದಾನ ಮಾಡಿದ್ದನ್ನು ಕಂಡ ನಾಡಿನಲ್ಲಿ ಈ ಪ್ರಶ್ನೆ ಸಹಜ. ದಾನದಲ್ಲಿ ಬಂದ ಕಣ್ಣಿನಿಂದ ಕಸಿ ಮಾಡುವುದು ಮುಂದಿನ ಪಾರದರ್ಶಕ ಭಾಗವಾದ ಕಾರ್ನಿಯಾವನ್ನು. ರೆಟಿನಾ ನೇರವಾಗಿ ಮಿದುಳಿನ ನರಕ್ಕೆ ಸೇರಿದ್ದು, ಅದನ್ನು ತೆಗೆದು ಬೇರೆಯವರಿಗೆ ಜೋಡಿಸಲು ಬರುವುದಿಲ್ಲ.

ಇಲ್ಲದ್ದು ಕಂಡರೆ

ಒಂದು ವಿಷಯವನ್ನು ವಯಸ್ಸಾದವರು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ನಡುವಿನ ನೋಟ ಹೋದ ಕೆಲವರಿಗೆ ಇಲ್ಲದ ವಸ್ತುಗಳು ಕಾಣತೊಡಗುತ್ತವೆ. ಗೋಡೆಯ ಮೇಲೆ ರಂಗೋಲಿಯಂಥ ವಿನ್ಯಾಸ, ಅಂಗಳದಲ್ಲಿ ಅಪರಿಚಿತ ಮಕ್ಕಳು, ಬಣ್ಣಬಣ್ಣದ ಬಟ್ಟೆ ತೊಟ್ಟ ಪುಟ್ಟ ಮನುಷ್ಯರು. ಸದ್ದಿಲ್ಲದೆ ಬಂದು ಹೋಗುತ್ತವೆ. ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ, ದೆವ್ವ ಮೆಟ್ಟಿದೆ ಅಂತ ತಾಯತ ಕಟ್ಟಿಸುತ್ತಾರೆ ಅನ್ನುವ ಹೆದರಿಕೆ ಅವರಿಗೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ 1760ರಲ್ಲೇ ತನ್ನ ಅಜ್ಜನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟ. ಅವನ ಹೆಸರೇ ಇದಕ್ಕಿದೆ. ಕಣ್ಣಿನಿಂದ ಸಂಕೇತ ಬರುವುದು ಕಡಿಮೆಯಾದಾಗ ಮಿದುಳಿನ ನೋಟದ ಭಾಗ ತನ್ನಷ್ಟಕ್ಕೆ ಚಿತ್ರ ಕಟ್ಟುತ್ತದೆ. ಇದು ಮಾನಸಿಕ ಕಾಯಿಲೆಯೂ ಅಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಕಂಡದ್ದು ನಿಜವಲ್ಲ ಅಂತ ನೋಡುವವರಿಗೇ ಗೊತ್ತಿರುತ್ತದೆ. ಕಣ್ಣನ್ನು ಆಚೀಚೆ ಹೊರಳಿಸಿದರೆ, ದೀಪ ಹಾಕಿದರೆ ಅನೇಕರಿಗೆ ಮಾಯವಾಗುತ್ತದೆ. ಮನೆಯವರೇ ಮುಂದಾಗಿ, "ಅಮ್ಮ, ಏನಾದರೂ ಇಲ್ಲದ್ದು ಕಾಣುತ್ತಾ? ಈ ಕಾಯಿಲೆಯಲ್ಲಿ ಹಾಗಾಗುತ್ತಂತೆ" ಅಂತ ಕೇಳಿದರೆ ಅವರ ಎದೆಯ ದೊಡ್ಡ ಭಾರ ಇಳಿಯುತ್ತದೆ. ಚಿತ್ರದ ಜೊತೆ ದನಿಯೂ ಕೇಳಿಸಿದರೆ, ಅಥವಾ ಅದು ನಿಜವೆಂದೇ ನಂಬಿದರೆ ಮಾತ್ರ ಬೇರೆ ಕಾರಣ ಇರಬಹುದು, ಡಾಕ್ಟರ್‌ಗೆ ತೋರಿಸಬೇಕು.

ಉಳಿದ ನೋಟದಲ್ಲಿ ಬದುಕುವುದನ್ನು ಕಲಿಸುವ ಲೋ ವಿಷನ್ ವಿಭಾಗ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಇರುತ್ತದೆ. ಬೆಂಗಳೂರಿನ ಮಿಂಟೊದಂಥ ಸರ್ಕಾರಿ ಆಸ್ಪತ್ರೆಗೆ ಹೋದಾಗಲೂ ಈ ಬಗ್ಗೆ ವಿಚಾರಿಸಿ. ನೇರ ನೋಡುವ ಬದಲು ಸ್ವಲ್ಪ ಪಕ್ಕಕ್ಕೆ ನೋಡಿ, ಚೆನ್ನಾಗಿರುವ ರೆಟಿನಾದ ಭಾಗಕ್ಕೆ ಚಿತ್ರ ಬೀಳಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ. ಸರಿಯಾದ ಶಕ್ತಿಯ ಭೂತಗನ್ನಡಿ ಆರಿಸಿ ಕೊಡುತ್ತಾರೆ. ಮನೆಯಲ್ಲೂ ತುಂಬಾ ಮಾಡಬಹುದು. ಓದುವ ಜಾಗಕ್ಕೆ ಹೆಗಲ ಹಿಂದಿನಿಂದ ಬೀಳುವ ಬೆಳಕು ಬೇಕು. ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ ಕಾಣುವುದಿಲ್ಲ, ಬಾಳೆ ಎಲೆಯ ಮೇಲೆ ಚೆನ್ನಾಗಿ ಕಾಣುತ್ತದೆ. ದಿನಾ ಎಲೆ ಸಿಗದಿದ್ದರೆ ಗಾಢ ಬಣ್ಣದ ತಟ್ಟೆ ತನ್ನಿ. ಮೆಟ್ಟಿಲಿನ ಅಂಚಿಗೆ ಹಳದಿ ಟೇಪ್ ಹಚ್ಚಿ. ಮಾತ್ರೆ ಡಬ್ಬಿಯ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆಯಿರಿ. ಮೊಬೈಲ್‌ನಲ್ಲಿ ಅಕ್ಷರ ದೊಡ್ಡದು ಮಾಡಿ, ಕನ್ನಡದಲ್ಲೇ ಓದಿ ಹೇಳುವ ವ್ಯವಸ್ಥೆ ಆನ್ ಮಾಡಿಕೊಡಿ. ಮನೆಗೆ ಬಂದವರಿಗೆ "ಬಂದ ಕೂಡಲೇ ಹೆಸರು ಹೇಳಿ" ಅಂತ ತಿಳಿಸಿಡಿ. ಗುರುತು ಹಿಡಿಯಲಾಗದ ಮುಜುಗರದಿಂದಲೇ ಎಷ್ಟೋ ಹಿರಿಯರು ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿರುತ್ತಾರೆ.

ಎಎಂಡಿ ಇರುವವರಿಗೆ ಪೊರೆಯೂ ಬಂದಿದ್ದರೆ ಆಪರೇಷನ್ ಮಾಡಿಸಬಹುದು. ಬೆಳಕು, ಬಣ್ಣ, ಓಡಾಟ ಉತ್ತಮವಾಗುತ್ತದೆ. ನಡುವಿನ ಮಚ್ಚೆ ಹೋಗುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡಿದ್ದರೆ "ಆಪರೇಷನ್ ಕೆಟ್ಟಿತು" ಅನ್ನುವ ಕೊರಗು ಉಳಿಯುವುದಿಲ್ಲ. ಎರಡೂ ಕಣ್ಣಿನ ನೋಟ ತುಂಬಾ ಇಳಿದಿದ್ದರೆ, ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಅಂಗವಿಕಲರ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು.

ಅಪ್ಪ, ಅಮ್ಮ, ಅಣ್ಣ, ಅಕ್ಕ ಇವರಲ್ಲಿ ಯಾರಿಗಾದರೂ ಎಎಂಡಿ ಇದ್ದರೆ, ಐವತ್ತು ದಾಟಿದ ಒಡಹುಟ್ಟಿದವರು ಮತ್ತು ಮಕ್ಕಳು ಒಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕು. ವಂಶದಲ್ಲಿ ಬರುವ ಸಂಭವ ಇದರಲ್ಲಿ ಜಾಸ್ತಿ. ಆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ಗಾಡಿ ಓಡಿಸಿಕೊಂಡು ಹೋಗಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ತಂಪು ಕನ್ನಡಕ ಇಟ್ಟುಕೊಳ್ಳಿ, ಹಳೆಯ ಸ್ಕ್ಯಾನ್ ರಿಪೋರ್ಟ್‌ಗಳಿದ್ದರೆ ಎಲ್ಲವನ್ನೂ ಒಯ್ಯಿರಿ.